ಬೀಡಿಯಿಂದ ಮೃತ್ಯುಂಜಯದವರೆಗೆ

ಖಾನಾಪುರದ ಬಸ್ ನಿಲ್ದಾಣದಲ್ಲಿ ನಿಂತು “ಬೀಡಿಯ ಬಸ್ಸು ಯಾವುದು?” ಎಂದು ಕೇಳಿದರೆ, ಹೊರಗಿನಿಂದ ಬಂದವರ ಮುಖದಲ್ಲಿ ಒಂದು ನಸುನಗೆ ಸುಳಿಯುವುದು ಇಂದಿಗೂ ತಪ್ಪಿಲ್ಲ. ಸೇದುವ ಬೀಡಿಗೂ ನಮ್ಮ ಊರಿಗೂ ಯಾವ ನಂಟೂ ಇಲ್ಲ. ‘ಬೀಡು’ ಎಂಬ ಹಳೆಯ ಮಾತೇ ಸವೆದು ಹೀಗಾಗಿರಬೇಕೆಂಬುದು ನನ್ನ ಎಣಿಕೆ. ಇದಕ್ಕೆ ಶಾಸನದ ಆಧಾರವನ್ನು ಯಾರೂ ಕೇಳಬಾರದು. ಆದರೂ ಸೇದುವ ಬೀಡಿ ಈ ಬರಹದಲ್ಲಿ ಒಮ್ಮೆ ಬರಲಿದೆ. ಓದುಗರು ಕ್ಷಮಿಸಬೇಕು.

ಕಳೆದ ಕಾರ್ತಿಕದಲ್ಲಿ, ಬತ್ತದ ಕೊಯ್ಲು ಒಂದೆರಡು ಕಡೆ ಮಾತ್ರ ಆರಂಭವಾಗಿದ್ದಾಗ, ನಾನು ಬೀಡಿಗೆ ಹೋಗಬೇಕಾಗಿ ಬಂತು. ಬಾಲ್ಯದ ಗೆಳೆಯನೊಬ್ಬನು ಕರೆದಿದ್ದ. ಕರೆದದ್ದು ಮದುವೆಗಲ್ಲ, ಮನೆ ಪ್ರವೇಶಕ್ಕಲ್ಲ. ನಲವತ್ತು ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಒಂದು ಪ್ರಯಾಣವನ್ನು ಪೂರೈಸುವುದಕ್ಕೆ.

ಖಾನಾಪುರವನ್ನು ಬಿಟ್ಟ ದಾರಿ ಮೊದಲು ನಂದಗಡವನ್ನು ಮುಟ್ಟುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನೆವರಿ 26ರಂದು ಗಲ್ಲಿಗೇರಿಸಿದ ನೆಲವದು. ಬಸ್ಸಿನಲ್ಲಿದ್ದ ಹಿರಿಯರೊಬ್ಬರು ಕುಳಿತಲ್ಲಿಂದಲೇ ಕೈಮುಗಿದರು. ಅವರನ್ನು ನೋಡಿ ನಾನೂ ಮುಗಿದೆನು. ಮುಂದೆ ಸಾಗಿದಂತೆ ಪಶ್ಚಿಮದ ಕಡೆಗೆ ಸಹ್ಯಾದ್ರಿಯ ಕಾಡು ಕಪ್ಪಾಗಿ ಕಾಣುತ್ತದೆ, ಪೂರ್ವದ ಕಡೆಗೆ ನೆಲವು ಕಿತ್ತೂರಿನತ್ತ ಬಯಲಾಗುತ್ತ ಹೋಗುತ್ತದೆ. ಪೂರ್ಣ ಮಲೆನಾಡೂ ಅಲ್ಲದ, ಬೆಳವಲವೂ ಅಲ್ಲದ ಸೆರಗಿನ ಸೀಮೆ ಇದು. ಮಳೆ ಧಾರಾಳ, ಆದ್ದರಿಂದ ಬತ್ತ, ಕಬ್ಬು. ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು, ಅದಕ್ಕೇ ಊರೂರಲ್ಲಿ ಹೆಂಚಿನ ಮನೆಗಳು. ಒಂದೇ ಕಟ್ಟೆಯ ಮೇಲೆ ಕುಳಿತವರು ಬೆಲೆಯನ್ನು ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಚೌಕಾಶಿ ಮಾಡುವುದನ್ನು ಇಲ್ಲಿ ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಗಡಿಯ ಜಗಳವನ್ನು ಪತ್ರಿಕೆಯಲ್ಲಿ ಓದಿದವರು ಒಮ್ಮೆ ಈ ಕಟ್ಟೆಯ ಮೇಲೆ ಬಂದು ಕುಳಿತುಕೊಳ್ಳಬೇಕು.

ನನ್ನ ಗೆಳೆಯನದು ಶಿವಸಿಂಪಿ ಮನೆತನ. ತಂದೆಯ ಕಾಲದಿಂದಲೂ ಹೊಲಿಗೆಯ ಅಂಗಡಿ. 1973-74ರ ಸುಮಾರಿಗೆ, ನಾವಿಬ್ಬರೂ ಹದಿಮೂರು ಹದಿನಾಲ್ಕರ ಹುಡುಗರಾಗಿದ್ದಾಗ, ಆ ಅಂಗಡಿಯಲ್ಲಿ ಒಂದು ರೇಡಿಯೋ ಇತ್ತು. ಅಂಚೆ ಕಚೇರಿಗೆ ವರುಷ ವರುಷ ಅದರ ಪರವಾನಿಗೆಯ ಹಣ ತುಂಬುವ ಕೆಲಸ ನಮ್ಮಿಬ್ಬರದು. ಧಾರವಾಡದ ಆಕಾಶವಾಣಿ ನಿಲಯ 1950ರ ಜನೆವರಿ 8ರಂದು ಪ್ರಾರಂಭವಾದ ಮೇಲೆ, ನಮ್ಮಂಥ ಊರುಗಳಿಗೆ ಸಂಗೀತವು ತಾನಾಗಿ ನಡೆದು ಬರತೊಡಗಿತ್ತು. ಒಂದು ಬೆಳಿಗ್ಗೆ, ಮಳೆಯ ಸದ್ದಿನ ನಡುವೆ, ಒಬ್ಬರು ವಚನವನ್ನು ಹಾಡುತ್ತಿದ್ದರು. ಮಠದಲ್ಲಿ, ಮನೆಯಲ್ಲಿ, ಭಜನೆಯಲ್ಲಿ ನಾವು ವಚನಗಳನ್ನು ಕೇಳಿದವರೇ. ಆದರೆ ಇದು ಬೇರೆ. ಹಾಡುವವರು ಯಾರಿಗಾಗಿಯೂ ಹಾಡುತ್ತಿರಲಿಲ್ಲ. ಎದುರಿಗೆ ನಿಂತ ಒಬ್ಬರೊಡನೆ ಮಾತನಾಡುವಂತೆ ಇತ್ತು. ಹಾಡು ಮುಗಿದ ಮೇಲೆ ಹೆಸರು ಹೇಳಿದರು: ಮಲ್ಲಿಕಾರ್ಜುನ ಮನಸೂರ. ಗೆಳೆಯನ ತಂದೆ ಹೊಲಿಗೆಯ ಯಂತ್ರದ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿಕೊಂಡಿದ್ದರು. ಗಿರಾಕಿಯ ಕೆಲಸ ಬಾಕಿ ಇರುವಾಗ ಆ ಗಾಲಿ ನಿಂತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಅಂದಿನಿಂದ ನನ್ನ ಗೆಳೆಯನಿಗೆ ಒಂದು ಹುಚ್ಚು ಹತ್ತಿತು. ರೇಡಿಯೋದಲ್ಲಿ ಮನಸೂರರು ಹಾಡಿದ ದಿನ, ಅವರು ಹಾಡಿದ ರಾಗದ ಹೆಸರನ್ನು ಅಂಗಡಿಯ ಅಳತೆಯ ಪುಸ್ತಕದಲ್ಲಿಯೇ ಬರೆದಿಡುತ್ತಿದ್ದನು. ಬೇರೆ ಕಾಗದ ಕೈಗೆ ಸಿಗುತ್ತಿರಲಿಲ್ಲವೋ ಏನೋ. ಯಾರದೋ ಎದೆ 36, ತೋಳು 23, ಅದರ ಕೆಳಗೆ ‘ಖಟ’; ಇನ್ನಾರದೋ ಸೊಂಟ 32, ಕೆಳಗೆ ‘ಶಿವಮತ ಭೈರವ’. ಆ ಹೆಸರುಗಳ ಅರ್ಥ ಅವನಿಗೆ ತಿಳಿಯದು, ನನಗೂ ತಿಳಿಯದು. ಮುಂದೆ ನಾನು ಮಠದ ವಿದ್ಯಾರ್ಥಿಯಾಗಿ ಧಾರವಾಡಕ್ಕೆ ಹೋಗಿ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಓದಿದೆನು. ಅವನು ತಂದೆಯ ಯಂತ್ರದ ಮುಂದೆ ಕುಳಿತನು. ರಜೆಯಲ್ಲಿ ಊರಿಗೆ ಬಂದಾಗ ಅವನ ಮೊದಲ ಪ್ರಶ್ನೆ, “ನೋಡಿದ್ಯಾ?” ಎಂಬುದು. ಯಾರನ್ನು ಎಂದು ಕೇಳುವ ಅಗತ್ಯವಿರಲಿಲ್ಲ.

ಇಲ್ಲಿ ಆ ಮಹನೀಯರ ವಿಷಯವಾಗಿ ನಾಲ್ಕು ಮಾತು ಹೇಳಬೇಕು, ಇಂದಿನ ಮಕ್ಕಳು ಹೆಸರನ್ನಷ್ಟೇ ಬಲ್ಲರು. ಧಾರವಾಡಕ್ಕೆ ಪಶ್ಚಿಮದಲ್ಲಿ, ನಾಲ್ಕೈದು ಕಿಲೋಮೀಟರಿನಷ್ಟು ದೂರದಲ್ಲಿ ಇರುವ ಮನಸೂರು ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಅವರು ಜನಿಸಿದರು. ತಂದೆ ಭೀಮರಾಯಪ್ಪನವರು ಒಕ್ಕಲುತನದವರು, ತಾಯಿ ನೀಲಮ್ಮನವರು. ಅಣ್ಣ ಬಸವರಾಜರ ನಾಟಕದ ಕಂಪನಿಯಲ್ಲಿ ಬಾಲಕನು ಬಣ್ಣ ಹಚ್ಚಿದನು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಪದ್ಧತಿಯ ಪಾಠ. ಆಮೇಲೆ ಮಿರಜದ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯ ಪಾಠ. ಅಷ್ಟು ಕಲಿತವರು ಅಲ್ಲಿಗೇ ಸಾಕೆನ್ನಬಹುದಿತ್ತು. ಗ್ರಾಮಫೋನ್ ತಟ್ಟೆಗಳೂ ಬಂದಿದ್ದವು, ಹೆಸರೂ ಆಗಿತ್ತು. ಆದರೆ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಗಾಯನ ಅವರನ್ನು ಹಿಡಿಯಿತು. ಹೆಸರು ಮಾಡಿದ ಗಾಯಕನು ಮತ್ತೆ ಶಿಷ್ಯನಾಗಿ ಕುಳಿತನು. ಆ ಭಾಗ್ಯವೂ ಬಹುಕಾಲ ಉಳಿಯಲಿಲ್ಲ; ಮಂಜಿ ಖಾನರು 1937ರಲ್ಲಿ ತೀರಿಕೊಂಡರು. ತರುವಾಯ ಅವರ ತಮ್ಮ ಭೂರ್ಜಿ ಖಾನರಲ್ಲಿ ಪಾಠ ಮುಂದುವರಿಯಿತು. ನೊಸಲಿಗೆ ವಿಭೂತಿ ಹಚ್ಚಿದ ಶಿಷ್ಯ, ಐದು ಹೊತ್ತು ನಮಾಜಿನ ಮನೆತನದ ಗುರು. ವಿದ್ಯೆ ಕೊಡುವವರಿಗೂ ಪಡೆಯುವವರಿಗೂ ಅದು ಅಡ್ಡ ಬರಲಿಲ್ಲ.

ಆ ಘರಾಣೆಯ ಗಾಯನವನ್ನು ಮಾತಿನಲ್ಲಿ ತಿಳಿಸುವುದು ಕಷ್ಟ. ಇತರರು ರಾಗವನ್ನು ನಿಧಾನವಾಗಿ ಬಿಡಿಸುತ್ತ, ಒಂದೊಂದೇ ಸ್ವರವನ್ನು ಮುಟ್ಟುತ್ತ ಸಾಗಿದರೆ, ಮನಸೂರರು ನೇರವಾಗಿ ಚೀಜನ್ನೇ ಹಿಡಿದು ಹೊರಡುತ್ತಿದ್ದರು. ಒಂದು ಎಳೆ ಮುಗಿಯುವ ಮುನ್ನ ಇನ್ನೊಂದು ಹುಟ್ಟಿರುತ್ತಿತ್ತು, ಉಸಿರು ಎಲ್ಲಿ ತೆಗೆದುಕೊಂಡರೆಂದು ತಿಳಿಯುತ್ತಿರಲಿಲ್ಲ. ಲಚ್ಛಾಸಾಖ, ಬಹಾದುರಿ ತೋಡಿ, ಶುದ್ಧ ನಟ ಮೊದಲಾದ ಅಪರೂಪದ ರಾಗಗಳು ಅವರಲ್ಲಿ ನೆಂಟರಂತೆ ಬಂದು ಹೋಗುತ್ತಿದ್ದವು. ನನ್ನ ಗೆಳೆಯ ಇದನ್ನು ಒಮ್ಮೆ ತನ್ನ ಭಾಷೆಯಲ್ಲಿ ಹೇಳಿದ: “ನಡುವ ದಾರ ಕಡಿಯೂದಿಲ್ಲಪಾ ಅವರು. ಒಂದ ದಾರದಾಗ ಇಡೀ ಅಂಗಿ ಹೊಲದಬಿಡ್ತಾರ.” ಸಂಗೀತ ಬಲ್ಲ ಪಂಡಿತರಿಂದ ಇದಕ್ಕಿಂತ ಉತ್ತಮವಾದ ವಿವರಣೆಯನ್ನು ನಾನು ಕೇಳಿಲ್ಲ.

ಹಾಡು ಕೇಳಿ ಹಾಡಿದವರ ಹಿಂದೆ ಹೋಗುವ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದವನು, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದನು. ಉತ್ತರದೇಶವನ್ನೆಲ್ಲ ಅಲೆದು, ಕಡೆಗೆ ಗುರು ದೊರೆತದ್ದು ಕುಂದಗೋಳದಲ್ಲಿ. ಪಶ್ಚಿಮ ದೇಶಗಳಲ್ಲಿ ರಾಕ್ ಗಾಯಕರನ್ನು ಊರಿಂದೂರಿಗೆ ಹಿಂಬಾಲಿಸುತ್ತ, ಒಂದು ಸಲ ಕೈ ಕುಲುಕಿದರೆ ಸಾಕೆಂದು ಬಾಗಿಲಲ್ಲಿ ರಾತ್ರಿ ಕಳೆಯುವ ಗೆಳೆಯರ ಗುಂಪುಗಳಿವೆಯೆಂದು ನನ್ನ ತಂಗಿಯ ಮಗ ಹೇಳುತ್ತಾನೆ. ನಗಬಾರದು. ಬೀಡಿಯ ಹೊಲಿಗೆಯ ಅಂಗಡಿಯಲ್ಲಿ ನಾನು ಕಂಡದ್ದೂ ಅದೇ.

ಈಗ ಆ ಅರ್ಧಕ್ಕೆ ನಿಂತ ಪ್ರಯಾಣ. 1984ರ ಮಾತು. ಮನಸೂರರಿಗೆ ಆಗ ಎಪ್ಪತ್ತಮೂರು ವಯಸ್ಸು. ಅದಕ್ಕೆ ಕೆಲವು ತಿಂಗಳು ಮೊದಲು ಧಾರವಾಡದಲ್ಲಿ ನಡೆದ ಅವರ ಕಛೇರಿಗೆ ಗೆಳೆಯನನ್ನು ಕರೆಸಿಕೊಂಡಿದ್ದೆನು. ಕುಳಿತದ್ದು ಬಹಳ ಹಿಂದೆ. ಎಲ್ಲರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಗ ಇವನು ಮಾತ್ರ ಕಣ್ಣು ಕಿರಿದು ಮಾಡಿ ವೇದಿಕೆಯನ್ನೇ ನೋಡುತ್ತಿದ್ದನು. ಸಂಗೀತದಲ್ಲಿ ಮುಳುಗಿದ್ದಾನೆಂದು ನಾನು ತಿಳಿದೆ. ಅವನು ಹೆಗಲಿನ ಅಳತೆ ತೆಗೆಯುತ್ತಿದ್ದನು!

ಅಳತೆ ಕೊಡದ ಗಿರಾಕಿಗೆ ಅವನು ಒಂದು ಬಿಳಿಯ ನೆಹರೂ ಅಂಗಿ ಹೊಲಿದನು. ಖಾದಿಯ ಬಟ್ಟೆಯನ್ನು ಬೆಳಗಾವಿಗೆ ಹೋಗಿ ತಂದದ್ದು. ಗುಂಡಿಯ ಕಾಜಾಗಳೆಲ್ಲ ಕೈಹೊಲಿಗೆ. ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಅಳ್ನಾವರದಲ್ಲಿ ರೈಲು ಹಿಡಿದು ಧಾರವಾಡಕ್ಕೆ ಬಂದನು. ಮರುದಿನ ಬೆಳಿಗ್ಗೆ ನಾವಿಬ್ಬರೂ ಮನಸೂರರ ಮನೆಗೆ ಹೋದೆವು. ಮುರುಘಾಮಠದ ಪೂಜ್ಯ ಮೃತ್ಯುಂಜಯ ಅಪ್ಪಗಳವರಲ್ಲಿ ಅವರಿಗಿದ್ದ ಭಕ್ತಿಗೆ ಸಾಕ್ಷಿಯಾಗಿ ಆ ಮನೆಗೆ ‘ಮೃತ್ಯುಂಜಯ’ ಎಂದೇ ಹೆಸರು.

ಒಳಗಿನಿಂದ ತಂಬೂರಿಯ ನಾದ ಕೇಳುತ್ತಿತ್ತು. ಅದರ ಮೇಲೆ ಆ ಧ್ವನಿ. ಹಾಡುತ್ತಿರಲಿಲ್ಲ, ಒಂದೇ ಪಲುಕನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದರು. ಗೆಳೆಯ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟ. ಎಷ್ಟು ಹೊತ್ತೋ ತಿಳಿಯದು. ನಾದ ನಿಂತಿತು. “ಹೋಗೂಣ ಬಾ” ಎಂದು ಅವನು ಗೇಟಿಗೆ ಕೈ ಹಚ್ಚಿದ. ನಾನು ಅವನ ತೋಳು ಹಿಡಿದೆನು. ಸಾಧನೆಯ ಹೊತ್ತು, ಮೊದಲೇ ಹೇಳಿ ಕಳಿಸದೆ ಹೋಗುವುದು ಅಪಚಾರ, ಮುಂದಿನ ಸಲ ಯಾರನ್ನಾದರೂ ಪರಿಚಿತರನ್ನು ಕರೆದುಕೊಂಡು ಬರೋಣ ಎಂದೆನು.

“ಮುಂದಿನ ಸಲ ಅಂದ್ರ ಯಾವಾಗ?” ಎಂದ.

“ದೀಪಾವಳಿ ಆದ ಮ್ಯಾಲ” ಎಂದೆ.

ಅವನು ಪೊಟ್ಟಣದೊಡನೆ ಮಧ್ಯಾಹ್ನದ ಗಾಡಿಗೆ ಊರಿಗೆ ಹೋದನು. ದೀಪಾವಳಿ ಬಂತು, ಲಗ್ನದ ಸುಗ್ಗಿ ಬಂತು. ಹೊಲಿಗೆಯವನಿಗೆ ಅದು ಉಸಿರು ಬಿಡಲೂ ಹೊತ್ತಿಲ್ಲದ ಕಾಲ. ನನಗೆ ಬೆಳಗಾವಿಯಲ್ಲಿ ಅಧ್ಯಾಪಕನ ಕೆಲಸ ದೊರೆಯಿತು. ಒಂದು ವರುಷ ಅವನ ತಂದೆ ಹೋದರು, ಇನ್ನೊಂದು ವರುಷ ನನ್ನ ಮದುವೆ. ಬೆಳಗಾವಿಯ ಸಮೀಪದ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ ದೂರದ ದೇವಾಸದಲ್ಲಿ ನೆಲೆಸಿದ್ದ ಕುಮಾರ ಗಂಧರ್ವರು 1992ರ ಜನೆವರಿ 12ರಂದು ಅಗಲಿದಾಗ, ಇನ್ನು ತಡಮಾಡಬಾರದೆಂದು ಗೆಳೆಯ ಪತ್ರ ಬರೆದ. ಅದೇ ವರುಷ ಮನಸೂರರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂತು. ಈಗ ಅಭಿನಂದನೆಯ ಗದ್ದಲವಿರುತ್ತದೆ, ಮಳೆಗಾಲ ಕಳೆಯಲಿ ಎಂದು ನಾನು ಉತ್ತರ ಬರೆದೆ. ಮಳೆಗಾಲ ಪೂರ್ತಿ ಕಳೆಯಲಿಲ್ಲ. ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಪುಪ್ಪುಸದ ಕ್ಯಾನ್ಸರ್. ಸೇದುವ ಬೀಡಿಯ ಚಟ ಅವರಿಗೆ ಮೊದಲಿನಿಂದ ಇತ್ತೆಂಬುದು ಗುಟ್ಟಿನ ಮಾತಲ್ಲ. “ಬೀಡಿಯಿಂದ ಬಂದೀವಿ ಅಂದ್ರ ನಕ್ಕೊಂತ ಒಳಗ ಕರೀತಾರಲೇ” ಎಂದು ಗೆಳೆಯ ಎಷ್ಟೋ ಸಲ ಹಾಸ್ಯ ಮಾಡಿದ್ದುಂಟು.

ಸುದ್ದಿ ಕೇಳಿ ಮುಂದಿನ ವಾರ ನಾನು ಬೀಡಿಗೆ ಹೋದೆ. ಅಂತ್ಯದರ್ಶನಕ್ಕೆ ಹೋಗಿದ್ದೆಯಾ ಎಂದು ಕೇಳಿದೆ. “ಮಾತಾಡದವರನ್ನ ನೋಡಾಕ ಯಾಕ ಹೋಗಲಿ?” ಎಂದಷ್ಟೇ ಹೇಳಿ ಯಂತ್ರ ತುಳಿಯತೊಡಗಿದನು. ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ಮಕ್ಕಳ ಮದುವೆಗೆ ಹೋಗಿ ಬಂದು ಮಾಡಿದೆವು, ಕಷ್ಟಕ್ಕೆ ಆದೆವು, ಆದರೆ ಮನಸೂರರ ಹೆಸರನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜೊತೆಗೆ ಕುಳಿತಿದ್ದಾಗ ರೇಡಿಯೋದಲ್ಲಿ ಅವರ ಹಳೆಯ ಮುದ್ರಿಕೆ ಬಂದರೆ ಇಬ್ಬರೂ ಸುಮ್ಮನೆ ಕೇಳುತ್ತಿದ್ದೆವು.

ಕಳೆದ ವರ್ಷ ಅವನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಸಿದ್ಧ ಉಡುಪಿನ ಕಾಲದಲ್ಲಿ ಹೊಲಿಗೆಯೂ ಕಡಿಮೆ. ಅಂಗಡಿ ಮುಚ್ಚುವುದೆಂದು ಮನೆಯವರು ನಿರ್ಧರಿಸಿದರು. ಟ್ರಂಕು ತೆರವು ಮಾಡುವಾಗ ಪೊಟ್ಟಣ ಕೈಗೆ ಬಂತು. ನನಗೆ ಫೋನು ಮಾಡಿದ: “ಆ ಅಂಗಿ ಸಿಕ್ಕೈತಿ ಅಯ್ನಾರ. ಹೋಗೂಣೇನು?”

ಧಾರವಾಡಕ್ಕೆ ಹೋಗಲು ಕಿತ್ತೂರಿನ ಹೆದ್ದಾರಿಯೇ ಸುಲಭ. ಆದರೆ ಗೆಳೆಯ ಹಳೆಯ ದಾರಿಯಲ್ಲಿಯೇ ಹೋಗಬೇಕೆಂದ. ಬೀಡಿಯಿಂದ ಕಕ್ಕೇರಿ, ಲಿಂಗನಮಠ, ಅಳ್ನಾವರ. ಕಕ್ಕೇರಿಯಲ್ಲಿ ಇಳಿದು ಡೋಹರ ಕಕ್ಕಯ್ಯನವರ ಗದ್ದುಗೆಗೆ ನಮಸ್ಕರಿಸಿದೆವು. ಕಲ್ಯಾಣದಿಂದ ಉಳವಿಗೆ ಹೊರಟ ಶರಣಸಮೂಹವನ್ನು ಕಾಯುತ್ತ ಕಕ್ಕಯ್ಯನವರು ಇಲ್ಲಿ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಮಾಘದಲ್ಲಿ ಉಳವಿಯ ಜಾತ್ರೆಗೆ ನಮ್ಮ ಸೀಮೆಯ ಚಕ್ಕಡಿಗಳು ಗೆಜ್ಜೆ ಕಟ್ಟಿಕೊಂಡು ಹೋಗುವುದನ್ನು ಚಿಕ್ಕಂದಿನಲ್ಲಿ ನಾವಿಬ್ಬರೂ ದಾರಿಯ ಬದಿಗೆ ನಿಂತು ನೋಡುತ್ತಿದ್ದೆವು. ಕಟ್ಟೆಯ ಮೇಲೆ ಮುಂದಿನ ಬಸ್ಸಿಗೆ ಕಾಯುತ್ತಿದ್ದಾಗ, ನನ್ನಲ್ಲಿ ನಲವತ್ತು ವರ್ಷದಿಂದ ಕುಳಿತಿದ್ದ ಮಾತನ್ನು ಹೇಳಿದೆನು.

ಅಂದು ಗೇಟಿನಲ್ಲಿ ನಾನು ಅವನ ತೋಳು ಹಿಡಿದದ್ದು ಸಾಧನೆಯ ಹೊತ್ತೆಂದಲ್ಲ. ಸಾಧನೆ ಮುಗಿದಿತ್ತಲ್ಲ! ಮಠದ ವಿದ್ಯಾರ್ಥಿ ನಾನು, ನಾಲ್ಕು ಶಾಸ್ತ್ರ ಓದಿದವನು. ಪತ್ರಿಕೆಯ ಹಾಳೆಯಲ್ಲಿ ಅಂಗಿ ಸುತ್ತಿಕೊಂಡು ಬಂದ ಹಳ್ಳಿಯ ಸಿಂಪಿಗನೊಡನೆ ಅಂಥ ದೊಡ್ಡವರ ಮುಂದೆ ಹೇಗೆ ನಿಲ್ಲುವುದೆಂದು ನಾಚಿಕೆಯಾಗಿತ್ತು. ನಾಚಿಕೆಯನ್ನು ವಿನಯವೆಂದು ಹೆಸರಿಟ್ಟು ಮುಚ್ಚಿದ್ದೆನು. ಮನಸೂರರಾದರೋ ಒಕ್ಕಲುತನದ ಮನೆಯಿಂದ ಬಂದವರು, ನಾಟಕದ ಕಂಪನಿಯ ಚಾಪೆಯ ಮೇಲೆ ಮಲಗಿ ಬೆಳೆದವರು. ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಓದಿದವರಿಗೆ ಅವರು ಹಳ್ಳಿಯವನ ಅಂಗಿಯನ್ನು ತಿರಸ್ಕರಿಸುವವರಲ್ಲವೆಂದು ತಿಳಿಯುತ್ತದೆ. ನಾನು ಅದನ್ನು ಓದಿದ್ದು ತಡವಾಗಿ, ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಗೆಳೆಯ ಎಲೆಯಡಿಕೆಯನ್ನು ಬಾಯಿಯ ಒಂದು ಬದಿಗೆ ಸರಿಸಿ, “ಗೊತ್ತಿತ್ತು ಬಿಡು” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಒಬ್ಬನ ಹೋಗಬಹುದಿತ್ತಲ್ಲ. ಎಂಟು ವರ್ಷ ಇತ್ತು ನಡುವ. ನೀ ಇಲ್ಲದ ಹೋಗೂದು ಬ್ಯಾಡ ಅನಿಸ್ತು” ಎಂದನು. ಅಷ್ಟರಲ್ಲಿ ಬಸ್ಸು ಬಂತು. ಜನ ಬಹಳ, ಅವನಿಗೆ ಮುಂದೆ, ನನಗೆ ಹಿಂದೆ ಜಾಗ ಸಿಕ್ಕಿತು. ಅಳ್ನಾವರದವರೆಗೆ ಮಾತಿಗೆ ಆಸ್ಪದವಾಗಲಿಲ್ಲ, ಒಳ್ಳೆಯದೇ ಆಯಿತು.

ಧಾರವಾಡದ ‘ಮೃತ್ಯುಂಜಯ’ ಈಗ ಸ್ಮಾರಕ. ಮನಸೂರರ ಹೆಸರಿನ ರಾಷ್ಟ್ರೀಯ ಸ್ಮಾರಕ ಟ್ರಸ್ಟು ಅದನ್ನು ನೋಡಿಕೊಳ್ಳುತ್ತದೆ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಗೇಟಿನಲ್ಲಿ ಗೆಳೆಯ ಒಂದು ಕ್ಷಣ ನಿಂತು ನನ್ನ ಕಡೆಗೆ ನೋಡಿದ. ಈ ಸಲ ಗೇಟನ್ನು ನಾನೇ ತೆರೆದೆನು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ನೆಲ ತಣ್ಣಗಿತ್ತು. ಆ ಪಲುಕು ಯಾವ ಕಿಟಕಿಯಿಂದ ಕೇಳಿತ್ತೆಂದು ಗೊತ್ತುಮಾಡಲು ನಾನು ಯತ್ನಿಸಿದೆ, ಆಗಲಿಲ್ಲ.

ಗೆಳೆಯ ಮನಸೂರರ ಒಂದು ಭಾವಚಿತ್ರದ ಮುಂದೆ ನಿಂತಿದ್ದನು. ಕೈ ಮುಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಹೊಸ ಕಣ್ಣಿನಿಂದ, ನಲವತ್ತು ವರ್ಷದ ಹಿಂದೆ ಕಛೇರಿಯಲ್ಲಿ ನೋಡಿದಂತೆಯೇ, ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ಚೀಲದಿಂದ ಪೊಟ್ಟಣ ತೆಗೆದು ಅಂಗಿಯನ್ನು ಬಿಡಿಸಿದ. ಮಡಿಕೆಗಳಲ್ಲಿ ಹಳದಿಯ ಗೆರೆ ಬಿದ್ದಿತ್ತು. ಅದರ ಎರಡೂ ಹೆಗಲನ್ನು ಹಿಡಿದು ಭಾವಚಿತ್ರದ ಎದುರಿಗೆ ಎತ್ತಿದ.

“ಹೆಗಲ ಒಂದ ಇಂಚು ಜಾಸ್ತಿ ಆಗಿತ್ತಲೇ” ಎಂದ. “ತೋಳೂ ಉದ್ದ. ಇಷ್ಟ ಸಣ್ಣ ಆಳು ಅಂತ ಅನಿಸಿರಲಿಲ್ಲ ನನಗ, ದನಿ ಕೇಳಿ.”

ಅಂಗಿಯನ್ನು ಹಳೆಯ ಮಡಿಕೆಯ ಮೇಲೆಯೇ ಮಡಿಸಿ, ಅದೇ ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದನು. ಅಲ್ಲಿ ಬಿಟ್ಟು ಬರುತ್ತಾನೆಂದು ನಾನು ತಿಳಿದಿದ್ದೆ. “ಸರಿಮಾಡಬೇಕಿದನ್ನ” ಎಂದ. ಅಂಗಡಿ ಮುಚ್ಚಿದೆ, ಯಂತ್ರವನ್ನು ಯಾರಿಗೋ ಕೊಟ್ಟಾಗಿದೆ. ಎಲ್ಲಿ ಸರಿಮಾಡುತ್ತೀ ಎಂದು ನಾನು ಕೇಳಲಿಲ್ಲ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ಅವನು ಬಿಳಿಯ ದಾರದ ಒಂದು ಉಂಡೆಯನ್ನು ಕೊಂಡನು.